ಚೆನ್ನಾಗಿದೆಯಾ ಅಂತ ಕೇಳಬೇಡಿ

ಸಿನಿಮಾ ಬಿಟ್ಟ ಮೇಲೆ ಜನ ಮೆಟ್ಟಿಲಿಳಿದು ಗೇಟು ದಾಟುವ ತನಕ ಆಡುವ ಮಾತೆಂದರೆ ನನಗೆ ವಿಪರೀತ ಆಸೆ. ಪಾರ್ಕಿಂಗಿನಲ್ಲಿ ಬೈಕು ತೆಗೆಯುವ ಗಂಡ ಹೆಲ್ಮೆಟ್ ಹಾಕಿಕೊಳ್ಳುತ್ತ ಏನೋ ಅನ್ನುತ್ತಾನೆ, ಹಿಂದೆ ಕೂರಲು ಸೀರೆ ಸರಿಮಾಡಿಕೊಳ್ಳುತ್ತಿದ್ದ ಹೆಂಡತಿ ಒಪ್ಪದೆ ತಲೆಯಾಡಿಸುತ್ತಾಳೆ. ಕಾಲೇಜು ಹುಡುಗರು ವಿಲನ್ನಿನ ಹಾಗೆ ಕುತ್ತಿಗೆ ತಿರುಗಿಸಿ ತೋರಿಸುತ್ತಾರೆ. ಇವರಲ್ಲಿ ಯಾರೂ ವಿಮರ್ಶಕರಲ್ಲ, ಬರೆಯಲು ಕೂರುವವರೂ ಅಲ್ಲ. ಆದರೆ ಕನ್ನಡ ಸಿನಿಮಾದ ಹಣೆಬರಹ ಬಹಳ ಸಲ ನಿರ್ಧಾರವಾಗಿರುವುದು ಇವರ ಬಾಯಲ್ಲಿ.

ಈ ಮಾತನ್ನು ಕೆಡಿಸುವ ಪ್ರಶ್ನೆ ಒಂದಿದೆ: ‘ಹೇಗಿದೆ?’ ಕೇಳಿದ ಕೂಡಲೇ ಸಿದ್ಧ ಉತ್ತರ ಬರುತ್ತದೆ. ಒಂದ್ಸಲ ನೋಡಬಹುದು. ಫಸ್ಟ್ ಹಾಫ್ ಲ್ಯಾಗು, ಸೆಕೆಂಡ್ ಹಾಫ್ ಬೆಂಕಿ. ಫ್ಯಾಮಿಲಿ ಜೊತೆ ಹೋಗಬಹುದು. ದುಡ್ಡಿಗೆ ಮೋಸ ಇಲ್ಲ. ಹೇಳಿದವರದ್ದೂ ತಪ್ಪಲ್ಲ, ಅಂಥ ಪ್ರಶ್ನೆಗೆ ಅಂಥದೇ ಉತ್ತರ. ಇದೇ ಜನರನ್ನು ‘ಯಾವ ಸೀನು ತಲೆಯಲ್ಲಿ ಉಳೀತು?’ ಅಂತ ಕೇಳಿ ನೋಡಿ. ಒಂದು ಕ್ಷಣ ಸುಮ್ಮನಾಗುತ್ತಾರೆ, ಆಮೇಲೆ ಅವರ ಕೈ ಏಳುತ್ತದೆ, ದನಿ ಬದಲಾಗುತ್ತದೆ, ‘ಅದೇ, ಅವನು ಬಾಗಿಲ ಹತ್ರ ನಿಂತ್ಕೊಂಡು...’ ಅಂತ ಶುರುವಾಗುತ್ತದೆ. ತೀರ್ಪನ್ನು ಯಾರಿಂದ ಬೇಕಾದರೂ ಎರವಲು ತರಬಹುದು. ಸೀನನ್ನು ಮಾತ್ರ ನಾವೇ ಆರಿಸಬೇಕು.

‘ಸು ಫ್ರಮ್ ಸೋ’ ಬಂದಾಗ ಇದನ್ನು ಕಣ್ಣಾರೆ ಕಂಡೆ. 2025ರ ಜುಲೈ 25ರಂದು ತೆರೆಕಂಡ ಚಿತ್ರ, ಜೆ.ಪಿ. ತುಮಿನಾಡು ನಿರ್ದೇಶನ, ರಾಜ್ ಬಿ. ಶೆಟ್ಟಿ ನಿರ್ಮಾಪಕರಲ್ಲೊಬ್ಬರು. ಹೆಸರಿನ ಒಗಟು ಬಿಡಿಸಿದರೆ ಸೋಮೇಶ್ವರದ ಸುಲೋಚನಾ. ದೊಡ್ಡ ಹೀರೋ ಇಲ್ಲ, ಭರ್ಜರಿ ಪ್ರಚಾರ ಇಲ್ಲ. ಶುಕ್ರವಾರ ಕಡಿಮೆ ಷೋಗಳಲ್ಲಿ ಶುರುವಾಗಿದ್ದು ವಾರಾಂತ್ಯ ಮುಗಿಯುವಷ್ಟರಲ್ಲಿ ಟಿಕೆಟ್ ಸಿಗದ ಸ್ಥಿತಿಗೆ ಬಂತು. ನೋಡಿದವರು ನೋಡದವರಿಗೆ ಹೇಳಿದರು, ನಡೆದದ್ದು ಅಷ್ಟೇ. ಆದರೆ ಏನು ಹೇಳಿದರು ಅನ್ನುವುದರಲ್ಲಿ ಸ್ವಾರಸ್ಯವಿದೆ. ಕಥೆಯನ್ನು ಯಾರೂ ಪೂರ್ತಿ ಹೇಳಲಿಲ್ಲ. ಕರಾವಳಿಯ ಒಂದು ಊರು, ಅಶೋಕ ಅನ್ನುವ ಹುಡುಗ, ಸಿಕ್ಕಿಬಿದ್ದು ಮಾನ ಹೋಗುವ ಭಯಕ್ಕೆ ಮೈಮೇಲೆ ದೆವ್ವ ಬಂದವನಂತೆ ಆಡುತ್ತಾನೆ, ಅದು ಸುಲೋಚನಾಳ ದೆವ್ವವೆಂದು ಊರು ನಂಬಿಬಿಡುತ್ತದೆ. ಇಷ್ಟು ಹೇಳಿ ನಿಲ್ಲಿಸಿ, ನೇರವಾಗಿ ರವಿಯಣ್ಣನ ಹತ್ತಿರ ಬರುತ್ತಿದ್ದರು.

ಶನೀಲ್ ಗೌತಮ್ ಮಾಡಿದ ಪಾತ್ರ ಅದು. ಊರಿನ ಮದುವೆ, ಸಾವು, ಜಗಳ ಎಲ್ಲದರ ಮುಂದೆ ನಿಲ್ಲುವ, ಇನ್ನೂ ಮದುವೆಯಾಗದ ಮನುಷ್ಯ. ಏನೇ ಆದರೂ ಜನ ಅವನ ಮುಖ ನೋಡುತ್ತಾರೆ. ಈ ಪಾತ್ರದ ಬಗ್ಗೆ ಬಂಟ್ವಾಳದ ಕಡೆಯ ಒಬ್ಬರು ನನಗೆ ಹೇಳಿದ್ದು: ‘ನಮ್ಮಲ್ಲಿ ಒಬ್ರು ಇದ್ದಾರೆ ಮಾರಾಯ್ರೆ, ಥೇಟ್ ಇವರೇ. ಅವರಿಗೆ ತೋರಿಸ್ಬೇಕು ಅಂತ ಎರಡನೇ ಸಲ ಕರ್ಕೊಂಡು ಹೋದದ್ದು.’ ಕೆಲವೇ ದಿನಕ್ಕೆ ಹುಬ್ಬಳ್ಳಿಯ ಗೆಳೆಯ ಫೋನಿನಲ್ಲಿ, ‘ನಮ್ಮ ಓಣ್ಯಾಗೂ ಒಬ್ಬ ರವಿಯಣ್ಣ ಅದಾನ್ರೀ, ಹೆಣಾ ಎತ್ತೂದಕ್ಕೂ ಅಂವಾನ, ಹೋಳಿಗಿ ಬಡಸೂದಕ್ಕೂ ಅಂವಾನ’ ಅಂದ. ತುಳುನಾಡಿನ ಗಾಳಿ ಸುಳಿಯುವ ಮಾತು, ಅಲ್ಲಿನ ಮನೆ, ಅಲ್ಲಿನ ನಂಬಿಕೆ, ಎಲ್ಲ ಹುಬ್ಬಳ್ಳಿಯವನಿಗೆ ಹೊಸತು. ಆದರೂ ಒಬ್ಬ ಮನುಷ್ಯನನ್ನು ಅವನು ತನ್ನ ಓಣಿಯಿಂದಲೇ ಗುರುತು ಹಿಡಿದ. ಚಿತ್ರ ಕರಾವಳಿ ದಾಟಿ ಬಯಲುಸೀಮೆಗೆ ಬಂದ ಬಗೆ ನನಗೆ ಅರ್ಥವಾಗಿದ್ದು ಆ ಫೋನಿನಿಂದ. ಪತ್ರಿಕೆಗಳಲ್ಲಿ ಬಂದ ವಿಮರ್ಶೆಗಳಲ್ಲಿ ‘ಅಚ್ಚುಕಟ್ಟಾದ ಹಾಸ್ಯ’ ಅನ್ನುವುದು ಇತ್ತು, ಈ ಓಣಿ ಇರಲಿಲ್ಲ.

ಅದೇ ಚಿತ್ರದ ಕೊನೆಯ ಭಾಗದ ಬಗ್ಗೆ ಜನ ಎರಡಾದರು. ಸುಲೋಚನಾಳ ಮಗಳು ಭಾನು ಬಂದ ಮೇಲೆ ನಗು ಕಡಿಮೆಯಾಗಿ ಕಥೆ ಗಂಭೀರವಾಗುತ್ತದೆ. ‘ಅಲ್ಲಿ ತನಕ ಇದ್ದ ಮಜಾ ಹೋಯ್ತು’ ಅಂದವರು ಬಹುಪಾಲು ಗಂಡಸರು. ನನ್ನ ಅಕ್ಕನ ಜೊತೆ ಹೋಗಿದ್ದ ಅವಳ ಗೆಳತಿಯರ ಗುಂಪಿಗೆ ಚಿತ್ರ ಅಲ್ಲಿಂದಲೇ ಶುರು. ‘ಇಷ್ಟು ಹೊತ್ತು ಊರೆಲ್ಲಾ ದೆವ್ವದ ಹೆಸರು ಹಿಡ್ಕೊಂಡು ಕುಣೀತು, ಆ ಹೆಸರಿನ ಹೆಂಗಸು ಯಾರು ಅಂತ ಒಬ್ರಾದ್ರೂ ಕೇಳಿದ್ರಾ?’ ಅಂತ ಒಬ್ಬರು ಕೇಳಿದರು. ಈ ಪ್ರಶ್ನೆಯ ಮುಂದೆ ನನ್ನ ಹತ್ತಿರ ಇದ್ದ ಮಾತೆಲ್ಲ ಸಪ್ಪೆ. ಅವರು ಸ್ಟಾರ್ ಕೊಟ್ಟಿರಲಿಲ್ಲ, ಸೂಪರ್ ಅನ್ನಲಿಲ್ಲ. ಚಿತ್ರದ ಬೆನ್ನುಮೂಳೆ ಎಲ್ಲಿದೆ ಅಂತ ಬೆರಳಿಟ್ಟು ತೋರಿಸಿದರು.

ನೋಡುವವರ ಕೆಲಸ, ಊರು, ವಯಸ್ಸು ಎಲ್ಲ ಅವರ ಕಣ್ಣಿನಲ್ಲೇ ಇರುತ್ತದೆ. ರಾಮ್ ರೆಡ್ಡಿ ಅವರ ‘ತಿಥಿ’ 2016ರಲ್ಲಿ ಬಿಡುಗಡೆಯಾದಾಗ ಅದಕ್ಕೆ ಲೊಕಾರ್ನೊ ಚಿತ್ರೋತ್ಸವದ ಪ್ರಶಸ್ತಿ ಬಂದಾಗಿತ್ತು. ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನಲ್ಲಿ, ನಟರಲ್ಲದ ಊರಿನವರನ್ನೇ ಹಾಕಿ ಮಾಡಿದ ಚಿತ್ರ. ಓದಿಕೊಂಡವರೆಲ್ಲ ಅದರ ಸಹಜತೆಯ ಬಗ್ಗೆ ಮಾತಾಡಿದರು. ಸರಿಯೇ. ಆದರೆ ಕಂದಾಯ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತರಾದ ಒಬ್ಬ ಹಿರಿಯರಿಗೆ ಅದು ಬೇರೆಯೇ ಚಿತ್ರ. ನೂರೊಂದು ವರ್ಷದ ಸೆಂಚುರಿ ಗೌಡ ಸಾಯುತ್ತಾನೆ, ಜಮೀನು ಅವನ ಹೆಸರಿನಲ್ಲಿದೆ, ಮಗ ಗಡ್ಡಪ್ಪನಿಗೆ ಆಸ್ತಿಯ ಗೊಡವೆಯೇ ಬೇಡ, ಬಾಟಲಿ ಹಿಡಿದು ಸುತ್ತುತ್ತಾನೆ. ಮೊಮ್ಮಗ ತಮ್ಮಣ್ಣನಿಗೆ ಆ ಜಮೀನು ಮಾರಬೇಕು, ಅದಕ್ಕೆ ಬದುಕಿರುವ ಅಪ್ಪನನ್ನೇ ಕಾಗದದಲ್ಲಿ ಸಾಯಿಸಬೇಕು. ‘ಪೌತಿ ಖಾತೆ ಮಾಡಿಸಕ್ಕೆ ಓಡಾಡ್ದೋರಿಗೆ ಗೊತ್ತು ಕಣಪ್ಪ ಆ ತಮ್ಮಣ್ಣನ ಪಾಡು. ಜನ ಅವನ್ನ ದುರಾಸೆಯೋನು ಅಂತಾರೆ. ನನ್ನ ಮೇಜಿನ ಮುಂದೆ ಅಂಥ ಎಷ್ಟು ಮಂದಿ ಕೈಕಟ್ಟಿ ನಿಂತಿದ್ರು’ ಅಂದರು. ಗಡ್ಡಪ್ಪನನ್ನು ನೋಡಿ ನಗುತ್ತಿದ್ದ ನಾವೆಲ್ಲ ತಮ್ಮಣ್ಣನನ್ನು ಸರಿಯಾಗಿ ನೋಡಿರಲೇ ಇಲ್ಲ. ಆ ಮಾತು ಕೇಳಿದ ಮೇಲೆ ಮತ್ತೆ ಚಿತ್ರ ಹಾಕಿದೆ. ಊರೂರು ಅಲೆಯುವವನ ಕಷ್ಟ, ಅಪ್ಪನ ಮುಂದೆ ಅವನು ಬೇಡುವ ರೀತಿ, ಎಲ್ಲಕ್ಕೂ ತೂಕ ಬಂತು.

ಅವರಿಗೆ ಉಳಿದ ಸೀನು ಯಾವುದು ಅಂತಲೂ ಕೇಳಿದೆ. ಗಡ್ಡಪ್ಪ ಕುರಿ ಮೇಯಿಸುವವರ ಜೊತೆ ಬೆಂಕಿಯ ಮುಂದೆ ಕೂತು ತನ್ನ ಬದುಕಿನ ಕಥೆ ಹೇಳುವುದು. ಫ್ಲ್ಯಾಶ್‌ಬ್ಯಾಕಿಗೆ ಹೋಗದೆ, ಹೇಳುವವನ ಮುಖದಲ್ಲೇ ಇಡೀ ಕಥೆ ನಡೆಯುತ್ತದೆ. ‘ಯಾರ ಹತ್ರನೂ ಹೇಳ್ದೆ ಇದ್ದಿದ್ದನ್ನ ಗುರುತಿಲ್ದೋರ ಮುಂದೆ ಹೇಳ್ತಾನೆ ನೋಡು’ ಅಂದರು ಹಿರಿಯರು. ಇದಕ್ಕಿಂತ ಒಳ್ಳೆಯ ಸಾಲು ಆ ದೃಶ್ಯದ ಬಗ್ಗೆ ನಾನು ಎಲ್ಲೂ ಓದಿಲ್ಲ.

ಇಷ್ಟವಾಗದ ಚಿತ್ರದ ಮಾತಿಗೆ ಬರೋಣ. ಬೇಜಾರಾಯ್ತು ಅಂದವರನ್ನು ಅಲ್ಲಿಗೇ ಬಿಡಬಾರದು, ಎಲ್ಲಿಂದ ಬೇಜಾರಾಯ್ತು ಅಂತ ಕೇಳಬೇಕು. ಹೇಮಂತ್ ಎಂ. ರಾವ್ ಅವರ ‘ಸಪ್ತ ಸಾಗರದಾಚೆ ಎಲ್ಲೋ’ 2023ರಲ್ಲಿ ಎರಡು ಭಾಗವಾಗಿ ಬಂತು, ಸೆಪ್ಟೆಂಬರ್ 1ಕ್ಕೆ ಮೊದಲನೆಯದು, ನವೆಂಬರ್ 17ಕ್ಕೆ ಎರಡನೆಯದು. ಮೊದಲ ಭಾಗದಲ್ಲಿ ಯಜಮಾನನ ಮನೆಯವರು ಮಾಡಿದ ತಪ್ಪನ್ನು ತನ್ನ ಮೇಲೆ ಹಾಕಿಕೊಂಡು ಮನು ಜೈಲಿಗೆ ಹೋಗುತ್ತಾನೆ, ಪ್ರಿಯಾ ಹೊರಗೆ ಕಾಯುತ್ತಾಳೆ. ಜನ ಅತ್ತುಬಿಟ್ಟರು. ಎರಡನೆಯದಕ್ಕೆ ಹೋದ ಬಹಳಷ್ಟು ಮಂದಿ ‘ಸ್ಲೋ’ ಅಂದರು, ಲ್ಯಾಗ್ ಅಂದರು. ನಮ್ಮ ರಸ್ತೆಯ ಮೆಡಿಕಲ್ ಶಾಪಿನ ಹುಡುಗಿಯನ್ನೂ ಕೇಳಿದೆ. ಸ್ವಲ್ಪ ಯೋಚನೆ ಮಾಡಿ, ‘ಸಾರ್, ಪ್ರಿಯಾ ಅವನ ಜೊತೆ ಇಲ್ವಲ್ಲ. ಅವಳು ಯಾವಾಗ ಅವನ ಹತ್ರ ಬರ್ತಾಳೆ ಅಂತ ಕಾಯ್ತಾನೇ ಇದ್ದೆ, ಅದಕ್ಕೇ ಬೇರೆ ಏನೂ ರುಚಿಸ್ಲಿಲ್ಲ’ ಅಂದಳು.

ಈಗ ನೋಡಿ, ತೆರೆಯ ಮೇಲೆ ಮನುವಿನ ಸ್ಥಿತಿಯೂ ಅದೇ. ಜೈಲಿನಿಂದ ಹೊರಗೆ ಬಂದಿದ್ದಾನೆ, ಅವಳು ಬೇರೆಯವರ ಮನೆ ಸೇರಿದ್ದಾಳೆ, ಎದುರಿಗೆ ಸುರಭಿ ಅನ್ನುವ ಒಬ್ಬ ಒಳ್ಳೆಯ ಹೆಂಗಸು ಇದ್ದರೂ ಅವನಿಗೆ ಯಾವುದೂ ರುಚಿಸುವುದಿಲ್ಲ. ರುಕ್ಮಿಣಿ ವಸಂತ್ ಅವರ ಪ್ರಿಯಾ ಮೊದಲ ಭಾಗದಲ್ಲಿ ನಮ್ಮನ್ನು ಎಷ್ಟು ಹಚ್ಚಿಕೊಂಡಿದ್ದಳೆಂದರೆ, ಎರಡನೆಯದರಲ್ಲಿ ಅವಳು ಮನುವಿನ ಜೊತೆ ಇಲ್ಲದಿರುವುದು ಪ್ರೇಕ್ಷಕನಿಗೆ ಮೈಗೆ ತಾಗುವಷ್ಟು ಗೊತ್ತಾಗುತ್ತದೆ. ಆ ಹುಡುಗಿ ದೂರು ಅಂತ ಹೇಳಿದ್ದು ಚಿತ್ರದ ಒಳಗುಟ್ಟು. ಎರಡನೆಯ ಭಾಗದಲ್ಲಿ ಹೊಡೆದಾಟ ಬೇಕಾದ್ದಕ್ಕಿಂತ ಹೆಚ್ಚಾಯಿತು ಅನ್ನುವ ನನ್ನ ತಕರಾರು ಈಗಲೂ ಇದೆ. ಆದರೆ ‘ನಿಧಾನ’ ಅನ್ನುವ ಮಾತನ್ನು ಆ ಚಿತ್ರದ ಬಗ್ಗೆ ನಾನು ಮತ್ತೆ ಆಡಿಲ್ಲ.

ಇಂಥ ಮಾತಿಗೆ ಈಗ ಜಾಗ ಕಡಿಮೆಯಾಗುತ್ತಿದೆ, ಅದು ನನಗೆ ನಿಜವಾದ ಸಂಕಟ. ಮೊದಲ ಷೋ ಬಿಡುವಾಗಲೇ ಗೇಟಿನಲ್ಲಿ ಮೈಕುಗಳ ಸಾಲು ನಿಂತಿರುತ್ತದೆ. ಕ್ಯಾಮೆರಾ ಕಂಡ ಕೂಡಲೇ ಯಾರಿಗೂ ಕೂಗಬೇಕು ಅನ್ನಿಸುತ್ತದೆ, ಕೂಗಿದರೆ ‘ಸೂಪರ್’ ಅಥವಾ ‘ವೇಸ್ಟ್’ ಬಿಟ್ಟು ಬೇರೆ ಬರುವುದಿಲ್ಲ. ಸೋಮವಾರವಾದರೆ ಕಲೆಕ್ಷನ್ ಲೆಕ್ಕ. ಟಿಕೆಟಿಗೆ ದುಡ್ಡು ಕೊಟ್ಟ ಮನುಷ್ಯ ನಿರ್ಮಾಪಕನ ಲಾಭನಷ್ಟದ ಬಗ್ಗೆ ಗೆಳೆಯನ ಜೊತೆ ಜಗಳ ಆಡುತ್ತಾನೆ, ತಾನು ಕಂಡದ್ದರ ಬಗ್ಗೆ ಒಂದು ಮಾತೂ ಇಲ್ಲ. ಕೋಟಿಗಳ ಲೆಕ್ಕ ಹಾಕುವವರಿಗೆ ಒಂದು ಹಳೆಯ ಸಂಗತಿ ನೆನಪಿಸುತ್ತೇನೆ. ಅನೂಪ್ ಭಂಡಾರಿ ಅವರ ‘ರಂಗಿತರಂಗ’ ಬಿಡುಗಡೆಯಾದದ್ದು 2015ರ ಜುಲೈ 3ಕ್ಕೆ. ಒಂದೇ ವಾರದಲ್ಲಿ, ಜುಲೈ 10ಕ್ಕೆ, ‘ಬಾಹುಬಲಿ’ ಬಂತು. ಮಲ್ಟಿಪ್ಲೆಕ್ಸುಗಳಲ್ಲಿ ‘ರಂಗಿತರಂಗ’ದ ಷೋ ಕಿತ್ತಾಗ ಪ್ರೇಕ್ಷಕರೇ ದನಿ ಎತ್ತಿದರು. ಅದು ರಹಸ್ಯದ ಚಿತ್ರ. ಕೊನೆ ಗೊತ್ತಾದರೆ ಅರ್ಧ ಸತ್ವ ಹೋಗುತ್ತದೆ. ಆದರೂ ನೋಡಿದವರು ಕೊನೆಯನ್ನು ಬಚ್ಚಿಟ್ಟುಕೊಂಡು, ಕಾಡಿನ ಹಾದಿ, ಹಳೆಯ ಮನೆ, ಎದೆ ಝಲ್ಲೆನಿಸಿದ ಜಾಗ ಇಷ್ಟನ್ನೇ ಹೇಳಿ ಹೇಳಿ ಜನರನ್ನು ಕಳಿಸಿದರು. ಗುಟ್ಟು ಬಿಡದೆ ಆಸೆ ಹುಟ್ಟಿಸುವುದು ಸಣ್ಣ ವಿದ್ಯೆಯಲ್ಲ.

ಸಾಮಾನ್ಯ ಪ್ರೇಕ್ಷಕನ ಮಾತನ್ನು ಗೌರವದಿಂದ ಕೇಳಿದ ಜಾಗ ನಮ್ಮಲ್ಲೇ ಇದೆ. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರು ಎಪ್ಪತ್ತರ ದಶಕದಲ್ಲಿ ನೀನಾಸಂ ಚಿತ್ರಸಮಾಜ ಕಟ್ಟಿದರು. ಅಡಿಕೆ ತೋಟದ ಕೆಲಸ ಮುಗಿಸಿ ಬಂದವರು ಸತ್ಯಜಿತ್ ರೇ, ಕುರೋಸಾವಾ ಅವರ ಚಿತ್ರಗಳನ್ನು ನೋಡಿದರು, ನೋಡಿ ಎದ್ದು ಹೋಗದೆ ಚರ್ಚೆಗೂ ಕೂತರು. ಹಳ್ಳಿಯವರಿಗೆ ಜಗತ್ತಿನ ಚಿತ್ರ ಅರ್ಥವಾಗುವುದಿಲ್ಲ ಅನ್ನುವವರಿಗೆ ಅಲ್ಲೇ ಉತ್ತರ ಸಿಕ್ಕಿತ್ತು. ಬೆಂಗಳೂರಿನಲ್ಲಿ ‘ಸುಚಿತ್ರಾ’ ಫಿಲ್ಮ್ ಸೊಸೈಟಿಯೂ 1971ರಿಂದ ಇದೇ ದಾರಿಯಲ್ಲಿ ಬಂದಿದೆ. ಅಂಥ ಕೂಟ ಎಲ್ಲ ಊರಿನಲ್ಲೂ ಆಗಲಿಕ್ಕಿಲ್ಲ, ಆಗಬೇಕಾದ್ದೂ ಇಲ್ಲ. ಚಿತ್ರ ನೋಡಿ ಬಂದ ರಾತ್ರಿ ಊಟಕ್ಕೆ ಕೂತಾಗ ಒಬ್ಬೊಬ್ಬರು ಒಂದೊಂದು ಸೀನು ಹೇಳಿದರೆ ಸಾಕು. ಮನೆಯ ಚಿಕ್ಕ ಮಗುವಿಗೂ ಸರದಿ ಕೊಡಿ, ದೊಡ್ಡವರ ಕಣ್ಣು ತಪ್ಪಿದ್ದು ಅದರ ಕಣ್ಣಿಗೆ ಬಿದ್ದಿರುತ್ತದೆ.

ನಮ್ಮ ಮನೆಯ ಊಟದ ಹೊತ್ತಿನಲ್ಲಿ ಇನ್ನೂ ತೀರದ ವ್ಯಾಜ್ಯ ‘ಮುಂಗಾರು ಮಳೆ’ಯದು. ಯೋಗರಾಜ ಭಟ್ಟರ ಆ ಚಿತ್ರ 2006ರ ಡಿಸೆಂಬರ್ 29ಕ್ಕೆ ತೆರೆಗೆ ಬಂತು, ಬಾಯಿಂದ ಬಾಯಿಗೆ ಹಬ್ಬಿ ವರ್ಷಕ್ಕೂ ಮೀರಿ ಓಡಿತು. ಮೊನ್ನೆ ಟೀವಿಯಲ್ಲಿ ಹಾಕಿದಾಗ ಮತ್ತೆ ಎದ್ದಿತು ಜಗಳ: ನಾಯಕ ಪ್ರೀತಮ್ ಕೊನೆಯಲ್ಲಿ ನಂದಿನಿಯ ಮೇಲಿನ ಪ್ರೀತಿಯ ಬಗ್ಗೆ ಬಾಯಿ ಬಿಡಬೇಕಿತ್ತೋ ಬೇಡವೋ? ಅವನು ಸುಮ್ಮನೆ ಹಿಂದೆ ಸರಿದದ್ದರಲ್ಲೇ ದೊಡ್ಡತನ ಅನ್ನುವುದು ನನ್ನ ತಮ್ಮನ ವಾದ. ಹೇಳಿಬಿಟ್ಟಿದ್ದರೆ ಇನ್ನೊಂದು ಪ್ರೇಮಕಥೆ ಆಗುತ್ತಿತ್ತು, ಜನ ಇಷ್ಟು ವರ್ಷ ನೆನಪಿಡುತ್ತಿರಲಿಲ್ಲ ಅನ್ನುತ್ತಾನೆ. ಹೇಳಬೇಕಿತ್ತು ಅನ್ನುವುದು ನನ್ನ ಪಕ್ಷ. ನಂದಿನಿಯ ಮನಸ್ಸು ಅವನ ಕಡೆ ತಿರುಗಿಯಾಗಿದೆ, ಅದು ಅವನಿಗೂ ಗೊತ್ತು. ಆದರೂ ಅವಳನ್ನು ಒಂದು ಮಾತು ಕೇಳದೆ ಅವಳ ಬದುಕನ್ನು ಅವನೊಬ್ಬನೇ ತೀರ್ಮಾನಿಸಿ ಮಳೆಯಲ್ಲಿ ನಡೆದುಬಿಡುತ್ತಾನೆ. ಇದಕ್ಕೆ ತಮ್ಮನ ಹೆಂಡತಿ ನನ್ನ ಕಡೆ. ಅಮ್ಮ ಮಾತ್ರ ಎರಡೂ ಕಡೆ ಸೇರದೆ, ಮಗಳ ಮುಖ ನೋಡಿಯೂ ಗೊತ್ತಾಗದ ಆ ಅಪ್ಪನದೇ ತಪ್ಪು ಅನ್ನುತ್ತಾಳೆ.