ಉಣ್ಣೆಯ ಹೂಗಳು ಯಾರಿಗಾಗಿ?

ಎಪ್ರಿಲ್ 25 ಆಸ್ಟ್ರೇಲಿಯಾ ಮತ್ತು ನ್ಯೂಝಿಲ್ಯಾಂಡ್‌ಗಳಲ್ಲಿ ರಾಷ್ಟ್ರೀಯ ರಜಾದಿನ. 1915ರ ಅದೇ ದಿನ ಈ ಎರಡು ದೇಶಗಳ ಸೈನಿಕರು ಬ್ರಿಟಿಷ್ ಸಾಮ್ರಾಜ್ಯದ ಪರವಾಗಿ ಕಾದಾಡಲು ತುರ್ಕಿಯ ಗಲಿಪೊಲಿ ತೀರದಲ್ಲಿ ಇಳಿದರು. ಎಂಟು ತಿಂಗಳ ಬಳಿಕ ಸೋತು ಹಿಂದೆ ಸರಿದರು. ಅಲ್ಲಿ ಮಡಿದವರನ್ನು ಸ್ಮರಿಸುವ ದಿನವೇ 'ಆನ್ಝಾಕ್ ದಿನ'.

2013ರಲ್ಲಿ ಲಿನ್ ಬೆರಿ ಮತ್ತು ಮಾರ್ಗರೆಟ್ ನೈಟ್ ಎಂಬ ಇಬ್ಬರು ಮಹಿಳೆಯರು, ಎರಡನೇ ಮಹಾಯುದ್ಧದಲ್ಲಿ ಹೋರಾಡಿದ್ದ ತಮ್ಮ ತಂದೆಯಂದಿರ ನೆನಪಿಗೆ ಕೆಂಪು ಗಸಗಸೆ ಹೂಗಳನ್ನು ಉಣ್ಣೆಯಲ್ಲಿ ಹೆಣೆಯಲು ಹೊರಟರು. ಐದು ಸಾವಿರ ಹೂಗಳಾದರೆ ಸಾಕೆಂದುಕೊಂಡಿದ್ದರು. ಸುದ್ದಿ ಹರಡಿತು. ಕಡ್ಡಿ ಹಿಡಿದು ಹೆಣೆಯುವವರು, ಕ್ರೋಶಾ ಹಾಕುವವರು ತಾವು ಮಾಡಿದ ಹೂಗಳನ್ನು ಕಳುಹಿಸತೊಡಗಿದರು. 2015ರ ಶತಮಾನದ ಸ್ಮರಣೆಯಂದು ಮೆಲ್ಬರ್ನ್‌ನ ಫೆಡರೇಶನ್ ಚೌಕದಲ್ಲಿ ಎರಡೂವರೆ ಲಕ್ಷ ಹೂಗಳ ಹಾಸು ಸಿದ್ಧವಾಗಿತ್ತು. ಮರುವರ್ಷ ಲಂಡನ್ನಿನ ಚೆಲ್ಸಿ ಪುಷ್ಪ ಪ್ರದರ್ಶನಕ್ಕೆ ಹೋದದ್ದು ಸುಮಾರು ಮೂರು ಲಕ್ಷ.

ಇದನ್ನು ಬರೀ ಅಲಂಕಾರವೆಂದು ತಳ್ಳಿಹಾಕುವಂತಿಲ್ಲ. ಕಲ್ಲಿನ ಸ್ಮಾರಕವನ್ನು ಸರಕಾರ ಕಟ್ಟಿಸುತ್ತದೆ. ಈ ಹೂಗಳನ್ನು ಜನರೇ ಮಾಡಿದರು. ಒಂದು ಹೂ ಇನ್ನೊಂದರಂತಿಲ್ಲ. ಒಂದರ ಎಸಳು ದೊಡ್ಡದು, ಇನ್ನೊಂದರ ಹೊಲಿಗೆ ಸಡಿಲ. ಸತ್ತವನೊಬ್ಬನಿಗಾಗಿ ಯಾರೋ ಅಷ್ಟು ಹೊತ್ತು ಕುಳಿತು ಕೈಯಾಡಿಸಿದ್ದಾರೆ ಎಂಬುದೇ ಅದರ ಬೆಲೆ. ಮನೆಗೆಲಸದ ನಡುವೆ ಬಿಡುವು ಮಾಡಿಕೊಂಡು ಟೋಪಿ ಹೆಣೆಯುವ ನಮ್ಮ ತಾಯಂದಿರಿಗೆ ಇದು ಬೇಗ ಅರ್ಥವಾದೀತು.

ಆದರೆ ಒಂದು ಪ್ರಶ್ನೆ ಉಳಿಯುತ್ತದೆ. ಕೆಂಪು ಗಸಗಸೆ ಹೂ ಮೊದಲಿನಿಂದಲೂ ಬ್ರಿಟನ್ ಮತ್ತು ಅದರ ಮಿತ್ರದೇಶಗಳ ಸೈನಿಕರ ಸಂಕೇತ. ಗಲಿಪೊಲಿಯಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಆಸ್ಟ್ರೇಲಿಯನ್ನರು ಸತ್ತರು. ತಮ್ಮ ನೆಲವನ್ನು ಕಾಯುತ್ತಾ ಸತ್ತ ಉಸ್ಮಾನಿಯಾ ಸೈನಿಕರು ಎಂಬತ್ತು ಸಾವಿರಕ್ಕೂ ಹೆಚ್ಚು. ಸುಮಾರು 15,000 ಭಾರತೀಯರೂ ಅಲ್ಲಿದ್ದರು. ಹೇಸರಗತ್ತೆಗಳ ಮೇಲೆ ನೀರು, ಮದ್ದುಗುಂಡು ಸಾಗಿಸಿದವರಲ್ಲಿ ಪಂಜಾಬಿನ ಮುಸ್ಲಿಮರಿದ್ದರು, ಸಿಖ್ಖರಿದ್ದರು. ಸಾವಿರಕ್ಕೂ ಹೆಚ್ಚು ಮಂದಿ ಹಿಂದಿರುಗಲಿಲ್ಲ. ಕಣ್ಣು ತುಂಬಿಸುವ ಆ ಕೆಂಪು ಹಾಸು ಇವರ ಬಗ್ಗೆ ನೋಡುಗನಿಗೆ ಏನನ್ನೂ ಹೇಳುವುದಿಲ್ಲ. ಎದುರು ಪಾಳೆಯದ ತಾಯಿಯ ದುಃಖಕ್ಕೆ ಅಲ್ಲಿ ಬಣ್ಣವೇ ಇಲ್ಲ.

ಇನ್ನೊಂದು ಮಾತು. ಮೊದಲ ಮಹಾಯುದ್ಧದಲ್ಲಿ ಆಸ್ಟ್ರೇಲಿಯಾದ ಮಹಿಳೆಯರು ರಣರಂಗಕ್ಕಾಗಿ ಹತ್ತು ಲಕ್ಷಕ್ಕೂ ಹೆಚ್ಚು ಜೊತೆ ಕಾಲುಚೀಲ ಹೆಣೆದಿದ್ದರು. ಅಂದು ಹೋಗುವವರಿಗೆ ಕಾಲುಚೀಲ, ಇಂದು ಹೋದವರಿಗೆ ಹೂ. ಅವರನ್ನು ಕಳುಹಿಸಿದವರು ಯಾರು, ಏಕೆ ಎಂದು ಈ ಕಲಾಕೃತಿ ಕೇಳುವುದೇ ಇಲ್ಲ.

ಕೇಳಿದ ಮಹಿಳೆಯರೂ ಇದ್ದರು. 1933ರಲ್ಲಿ ಬ್ರಿಟನ್ನಿನ ಸಹಕಾರಿ ಮಹಿಳಾ ಸಂಘ ಬಿಳಿ ಗಸಗಸೆ ಹೂವನ್ನು ಹೊರತಂದಿತು. ಇನ್ನು ಯುದ್ಧ ಬೇಡ ಎಂಬುದೇ ಅದರ ಸಂದೇಶ. ಗಂಡನನ್ನೋ ಮಗನನ್ನೋ ಕಳೆದುಕೊಂಡವರು ಅವರಲ್ಲಿ ಅನೇಕರಿದ್ದರು.

ರಾಷ್ಟ್ರೀಯ ದಿನದಂದು ತನ್ನವರಿಗಾಗಿ ಹೂ ಹೆಣೆಯುವುದು ತಪ್ಪಲ್ಲ, ಅದು ಮನುಷ್ಯಸಹಜ. ಅದೇ ದಾರದಲ್ಲಿ ಎದುರಾಳಿಗೂ ಒಂದು ಹೂ ಹೆಣೆಯಲು ಎಷ್ಟು ಹೊತ್ತು ಬೇಕು?