ಬೈಪಾಸ್ ವಾಲ್ವಿನ ಮೇಲೇಕೆ ಕೋಪ?

ಆಟೊಮ್ಯಾಟಿಕ್ ಗಿಯರ್‌ಬಾಕ್ಸಿನ ಥರ್ಮಲ್ ಬೈಪಾಸ್ ವಾಲ್ವ್ ಕಿತ್ತುಹಾಕಿ ಆಯಿಲನ್ನು ನೇರ ಕೂಲರಿಗೆ ಬಿಡಿಸಿಕೊಳ್ಳುವ ಚಾಳಿ ಇಂದಿರಾನಗರದ ಕಾರುಗಳಿಗೂ ಅಂಟಿದೆ. ‘ಬೆಂಗಳೂರೇನು ಶಿಮ್ಲಾನಾ?’ ಎನ್ನುವುದು ಈ ಪಂಥದವರ ವಾದ.

ಆಯಿಲ್ ಅತಿಯಾಗಿ ಕಾಯುತ್ತದೆಂಬ ಅವರ ಭಯ ಸುಳ್ಳಲ್ಲ. ಸಂಜೆ ಟಿನ್ ಫ್ಯಾಕ್ಟರಿಯಿಂದ ಕೆ.ಆರ್.ಪುರದ ತೂಗುಸೇತುವೆಯತ್ತ ತೆವಳುವಾಗ ಟಾರ್ಕ್ ಕನ್ವರ್ಟರ್ ಲಾಕ್ ಆಗುವುದೇ ಅಪರೂಪ. ಅದರೊಳಗೆ ಎಂಜಿನ್ ಕಡೆಯ ಚಕ್ರ ಓಡುತ್ತದೆ, ಗಿಯರ್ ಕಡೆಯದು ಹಿಂದೆ ಬೀಳುತ್ತದೆ. ಆ ಅಂತರದಲ್ಲಿ ಪೋಲಾಗುವ ಶಕ್ತಿಯೆಲ್ಲ ಆಯಿಲಿನಲ್ಲಿ ಶಾಖವಾಗುತ್ತದೆ. ಸೇತುವೆಯ ಏರಿನಲ್ಲಿ ಬ್ರೇಕ್ ಬಿಟ್ಟು ಬರೀ ಆ್ಯಕ್ಸಿಲರೇಟರಿನಲ್ಲೇ ಕಾರನ್ನು ಹಿಡಿದು ನಿಲ್ಲಿಸುವವರಂತೂ ಆಯಿಲನ್ನು ಬೇಯಿಸುತ್ತಾರೆ. ಎದುರುಗಾಳಿ ಇಲ್ಲ, ಫ್ಯಾನೇ ಗತಿ.

ಆದರೆ ಇದರಲ್ಲಿ ವಾಲ್ವಿನ ತಪ್ಪೇನು? ಅದರೊಳಗಿರುವುದು ಮೇಣ ತುಂಬಿದ ಪುಟ್ಟ ಡಬ್ಬಿ. ಆಯಿಲ್ ತಣ್ಣಗಿದ್ದರೆ ಅಡ್ಡದಾರಿ ತೆರೆದಿರುತ್ತದೆ. ಆಯಿಲ್ ಕೂಲರಿಗೆ ಹೋಗದೆ ವಾಪಸ್ ಬರುತ್ತದೆ. ಬಿಸಿ 70–80 ಡಿಗ್ರಿ ಮುಟ್ಟುವ ಹೊತ್ತಿಗೆ (ಕಾರಿನಿಂದ ಕಾರಿಗೆ ಇದು ಬೇರೆ) ಮೇಣ ಕರಗಿ ಹಿಗ್ಗಿ ಪಿನ್ನನ್ನು ತಳ್ಳುತ್ತದೆ, ಅಡ್ಡದಾರಿ ಮುಚ್ಚುತ್ತದೆ. ಅಂದರೆ ಸೇತುವೆಯ ಮೇಲೆ ನೀವು ಬೆವರುವ ಹೊತ್ತಿಗೆ ವಾಲ್ವ್ ಆಗಲೇ ದಾರಿ ಬಿಟ್ಟುಕೊಟ್ಟಿರುತ್ತದೆ. ಕಿತ್ತರೆ ಸಿಗುವ ಲಾಭ ಸೊನ್ನೆ.

ನಷ್ಟ ಮಾತ್ರ ಉಂಟು. ಡಿಸೆಂಬರ್ ಬೆಳಗಿನಲ್ಲಿ ಹಲಸೂರು ಕೆರೆಯ ಪಕ್ಕ ನಿಂತ ಕಾರಿನ ಆಯಿಲ್ ಮಂದವಾಗಿರುತ್ತದೆ. ವಾಲ್ವ್ ಇಲ್ಲದಿದ್ದರೆ ಅದು ಬಿಸಿಯಾಗುವುದೇ ತಡ. ಹದಕ್ಕೆ ಬರುವವರೆಗೆ ಎಷ್ಟೋ ಗಿಯರ್‌ಬಾಕ್ಸುಗಳ ಕಂಪ್ಯೂಟರ್ ಕನ್ವರ್ಟರನ್ನು ಲಾಕ್ ಮಾಡುವ ಕ್ಲಚ್ ಹಾಕಲು ಬಿಡುವುದಿಲ್ಲ. ತಣ್ಣಗಿಡಲು ಹೊರಟವರು ಜಾರಿಕೆಯನ್ನೇ ಹೆಚ್ಚಿಸಿಕೊಂಡು ಪೆಟ್ರೋಲ್ ಸುಡುತ್ತಾರೆ. ಕೆಲವು ವಾಲ್ವುಗಳಲ್ಲಿ ಒತ್ತಡಕ್ಕೆ ತೆರೆಯುವ ಸ್ಪ್ರಿಂಗೂ ಇರುತ್ತದೆ. ಕ್ಲಚ್ಚಿನ ಪುಡಿ ಕೂಲರಿಗೆ ಕಟ್ಟಿಕೊಂಡರೆ ಬೇರಿಂಗುಗಳಿಗೆ ಆಯಿಲ್ ತಪ್ಪದಂತೆ ಕಾಯುವುದು ಇದೇ. ಅದನ್ನೂ ಕಿತ್ತು ಗುಜರಿಗೆ ಹಾಕುತ್ತೀರಾ?

ಹಳೇ ಏರ್‌ಪೋರ್ಟ್ ರಸ್ತೆಯ ವಜ್ರ ಸೇವೆಯ ವೋಲ್ವೊ ಬಸ್ಸು ನನಗೆ ಇಷ್ಟವಾಗುವುದು ಆಯಿಲಿನ ಹದ ಕಾಯುವ ಕಾರಣಕ್ಕೆ. ಅದರ ಆಟೊಮ್ಯಾಟಿಕ್ ಗಿಯರ್‌ಬಾಕ್ಸಿಗೆ ರಿಟಾರ್ಡರ್ ಜೊತೆಗಿದೆ. ಚಾಲಕ ಬ್ರೇಕ್ ಒತ್ತಿದಾಗ ಆಯಿಲನ್ನೇ ಕಡೆದು ಬಸ್ಸಿನ ವೇಗ ತಗ್ಗಿಸುವ ಯಂತ್ರ ಅದು. ಸ್ಟಾಪಿನಿಂದ ಸ್ಟಾಪಿಗೆ ಹುಟ್ಟುವ ಆ ಬಿಸಿಯನ್ನು ಎಂಜಿನ್ನಿನ ನೀರು ಹೊತ್ತೊಯ್ಯುತ್ತದೆ. ಬೆಳಗ್ಗೆ ಡಿಪೊದಿಂದ ಹೊರಟಾಗ ಅದೇ ನೀರು ಆಯಿಲಿಗೆ ಬಿಸಿ ಕೊಡುತ್ತದೆ. ಒಂದೇ ಹದದಲ್ಲಿಡುವುದು ಅಲ್ಲಿನ ಲೆಕ್ಕ.

ವಾಲ್ವ್ ಕೆಡುವುದೂ ಉಂಟು. ಅರ್ಧ ಗಂಟೆ ಟ್ರಾಫಿಕ್ಕಿನಲ್ಲಿ ಓಡಿಸಿ ಬಂದು ಇನ್‌ಫ್ರಾರೆಡ್ ಥರ್ಮಾಮೀಟರನ್ನು ಕೂಲರಿನ ಪೈಪುಗಳತ್ತ ಹಿಡಿಯಿರಿ. ಕೈಯಿಂದ ಮುಟ್ಟಬೇಡಿ, ಸುಡುತ್ತದೆ. ಗಿಯರ್‌ಬಾಕ್ಸ್ ಕಾದಿದ್ದೂ ಗಾಳಿಯ ಕೂಲರ್ ತಣ್ಣಗೇ ಇದ್ದರೆ ಮೇಣದ ಡಬ್ಬಿ ಸಿಕ್ಕಿಕೊಂಡಿರಬಹುದು. ಆಗ ಹೊಸ ವಾಲ್ವ್ ಹಾಕಿಸಿ.