ಕೆಜಿಎಫ್ ಅಡುಗೆಮನೆಗೆ ಆರ್‌ಓ ಬೇಕೆ?

ತೊಗರಿಬೇಳೆ ಎಷ್ಟು ಹೊತ್ತು ಕುದಿಸಿದರೂ ಬೇಯುವುದಿಲ್ಲ, ಸೋಪು ನೊರೆ ಬರುವುದಿಲ್ಲ, ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿ ಹಕ್ಕಳೆ ಕಟ್ಟುತ್ತದೆ. ಬೋರ್‌ವೆಲ್ ನೀರು ಕುಡಿಯುವ ಬಂಗಾರಪೇಟೆ, ಕೆಜಿಎಫ್ ಸುತ್ತಿನ ಮನೆಗಳ ದೂರು ಇದು. ಈ ದೂರಿಗೆ ಉತ್ತರವೆಂದು ಆರ್‌ಓ ಯಂತ್ರ ಅಡುಗೆಮನೆಯ ಗೋಡೆ ಏರಿದೆ. ರಾಬರ್ಟ್‌ಸನ್‌ಪೇಟೆಯ ಅಂಗಡಿ ಬೀದಿಯಲ್ಲಿ ಮಿಕ್ಸಿ, ಗ್ರೈಂಡರ್‌ಗಳ ಪಕ್ಕದಲ್ಲೇ ಅದಕ್ಕೂ ಜಾಗವಿದೆ. ಮಾರಿಕುಪ್ಪಂ ಕಡೆಯ ಮೈಸೂರು ಮೈನ್ಸ್‌ನಲ್ಲಿ ಹಿಂದಿನ ಗಣಿ ಕಾರ್ಮಿಕರ ಮಕ್ಕಳು ನಸುಕಿನ ರೈಲು ಹಿಡಿದು ಬೆಂಗಳೂರಿಗೆ ಹೋಗಿ ದುಡಿದು ತರುವ ಸಂಬಳದಲ್ಲಿ ಕಂತು ಕಟ್ಟಿ ಕೊಳ್ಳುವ ವಸ್ತುಗಳಲ್ಲಿ ಇದೂ ಒಂದು. ಹಾಗಿರುವಾಗ ಅದನ್ನು ಬರೀ ಜಾಹೀರಾತಿನ ಮಾತು ಕೇಳಿ ಕೊಳ್ಳುವಂತಾಗಬಾರದು. ಈ ಊರಿನ ನೀರಿಗೆ ಅದು ಎಷ್ಟು ಸಲ್ಲುತ್ತದೆ ಎಂದು ಒರೆಗೆ ಹಚ್ಚಿ ನೋಡಬೇಕು.

ಈ ಊರಿನ ನೀರಿನ ಕಥೆ ಯಂತ್ರಕ್ಕಿಂತ ಬಹಳ ಹಳೆಯದು. ಜಾನ್ ಟೇಲರ್ ಕಂಪನಿ ಗಣಿ ನಡೆಸುತ್ತಿದ್ದ ಕಾಲದಲ್ಲಿ ಪಾಲಾರ್ ನದಿಯ ಬೇತಮಂಗಲ ಕೆರೆಯಿಂದ ಗಣಿ ಕಾಲನಿಗಳಿಗೆ ಕೊಳವೆಯಲ್ಲಿ ನೀರು ಹರಿಯುತ್ತಿತ್ತು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ತರಿಸಿಕೊಂಡ ಊರು ಇದು. ಆಗ ಸುತ್ತಲಿನ ಹಳ್ಳಿಗಳು ತೆರೆದ ಬಾವಿಯನ್ನೇ ನಂಬಿದ್ದವು. 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಹಾಕಿತು. ಗಣಿಯೇ ಊರನ್ನು ಸಾಕುತ್ತಿದ್ದ ಕಡೆ ಗಣಿ ಹೋದರೆ ನೀರಿನ ಏರ್ಪಾಡು ಹಾಗೇ ಉಳಿಯುವುದು ಕಷ್ಟ. ಪಂಪುಗಳು ನಿಂತ ಮೇಲೆ ಸುರಂಗಗಳ ಒಳಗೆ ನೀರು ತುಂಬಿಕೊಂಡಿತು, ಮೇಲಿನ ಬೀದಿಗಳಲ್ಲಿ ಜನ ಟ್ಯಾಂಕರ್ ಕಾದು ನಿಂತರು.

ಕೋಲಾರ ಜಿಲ್ಲೆಗೆ ವರ್ಷವಿಡೀ ಹರಿಯುವ ನದಿಯಿಲ್ಲ. ಕೆರೆ ಒಣಗಿದಂತೆಲ್ಲ ಬೋರ್‌ವೆಲ್ ಆಳಕ್ಕೆ ಇಳಿಯಿತು. ಸಾವಿರ ಅಡಿ ದಾಟುವುದು ಈಗ ಯಾರಿಗೂ ಆಶ್ಚರ್ಯವಲ್ಲ. ಆ ಆಳದಲ್ಲಿರುವುದು ಕಗ್ಗಲ್ಲು. ಬಂಡೆಯ ಬಿರುಕಿನಲ್ಲಿ ಬಹುಕಾಲ ನಿಂತ ನೀರು ಅಲ್ಲಿನ ಖನಿಜಗಳಿಂದ ಉಪ್ಪನ್ನು ಕರಗಿಸಿಕೊಳ್ಳುತ್ತದೆ, ಜೊತೆಗೆ ಫ್ಲೋರೈಡನ್ನೂ. ಭಾರತೀಯ ಮಾನಕ ಬ್ಯೂರೋದ ಐಎಸ್ 10500 ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ಒಪ್ಪಬಹುದು. ಅದನ್ನು ಮೀರಿದ ನೀರನ್ನು ಮಕ್ಕಳು ವರ್ಷಗಟ್ಟಲೆ ಕುಡಿದರೆ ಹಲ್ಲಿನ ಮೇಲೆ ಕಂದು ಗೆರೆ ಮೂಡುತ್ತದೆ. ಪ್ರಮಾಣ ಇನ್ನೂ ಹೆಚ್ಚಿದ್ದರೆ ದೊಡ್ಡವರ ಮಂಡಿ, ಬೆನ್ನುಮೂಳೆ ಬಿಗಿದುಕೊಳ್ಳುತ್ತವೆ. ಫ್ಲೋರೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಕುದಿಸಿದರೆ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಏರುತ್ತದೆ.

ಇಷ್ಟು ಹಿನ್ನೆಲೆಯಲ್ಲಿ ಯಂತ್ರವನ್ನು ನೋಡಬೇಕು. ಅದರ ಜೀವಾಳ ಮೆಂಬ್ರೇನ್. ಸವುಳು ನೀರಿನ ಮೇಲೆ ಒತ್ತಡ ಹೇರಿ ಸೂಕ್ಷ್ಮ ಹಾಳೆಯ ಮೂಲಕ ದಾಟಿಸಿದರೆ ನೀರು ಮಾತ್ರ ಆಚೆ ಹೋಗಿ ಉಪ್ಪು ಈಚೆ ಉಳಿಯುತ್ತದೆ. ಇದನ್ನು ಬಳಕೆಗೆ ಬರುವಂತೆ ಮಾಡಿದವರು 1960ರ ಆಸುಪಾಸಿನಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಶಾಖೆಯಲ್ಲಿದ್ದ ಸಿಡ್ನಿ ಲೋಬ್ ಮತ್ತು ಭಾರತ ಮೂಲದ ಶ್ರೀನಿವಾಸ ಸೌರಿರಾಜನ್. ಇಂದಿನ ಮನೆ ಯಂತ್ರಗಳಲ್ಲಿರುವುದು ಪಾಲಿಅಮೈಡ್ ಹಾಳೆ. ಸುಸ್ಥಿತಿಯಲ್ಲಿದ್ದರೆ ಅದು ಕರಗಿದ ಲವಣಗಳಲ್ಲಿ ಸುಮಾರು ಹತ್ತರಲ್ಲಿ ಒಂಬತ್ತು ಪಾಲನ್ನು ತಡೆಯುತ್ತದೆ; ಫ್ಲೋರೈಡಿನಲ್ಲೂ ಬಹುಪಾಲು ನಿಲ್ಲುತ್ತದೆ. ಕೋಲಾರದಂಥ ಜಿಲ್ಲೆಗೆ ಇದು ಸಣ್ಣ ಮಾತಲ್ಲ. ಮೇಣದಬತ್ತಿಯಂಥ ಕ್ಯಾಂಡಲ್ ಫಿಲ್ಟರ್ ಆಗಲಿ, ಬರೀ ಯುವಿ ದೀಪದ ಯಂತ್ರವಾಗಲಿ ಫ್ಲೋರೈಡನ್ನು ಮುಟ್ಟುವುದೂ ಇಲ್ಲ. ಹಾಗಾಗಿ ಆರ್‌ಓ ಎಂದರೆ ಮೋಸ, ಅದು ಶ್ರೀಮಂತರ ಶೋಕಿ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕುವವರ ವಾದ ಈ ಸೀಮೆಗೆ ಸಲ್ಲದು.

ತಕರಾರು ಇರುವುದು ಅದನ್ನು ಮಾರುವ ರೀತಿಯಲ್ಲಿ.

ಮಾರಾಟದವರು ಮನೆಗೆ ಬಂದಾಗ ಜೇಬಿನಿಂದ ಪೆನ್ನಿನಂಥ ಟಿಡಿಎಸ್ ಮೀಟರ್ ತೆಗೆಯುತ್ತಾರೆ. ಬೋರ್ ನೀರಿನ ಲೋಟದಲ್ಲಿ ಅದ್ದಿದರೆ ಸಾವಿರದ ಮೇಲಿನ ಅಂಕಿ, ಯಂತ್ರದ ನೀರಿನಲ್ಲಿ ಅದ್ದಿದರೆ ಐವತ್ತು ಅರವತ್ತು. ಇಷ್ಟಕ್ಕೂ ಮನೆಯವರು ಒಪ್ಪದಿದ್ದರೆ ಎರಡು ಲೋಹದ ಕಡ್ಡಿಗಳಿರುವ ಇನ್ನೊಂದು ಸಾಧನ ಹೊರಬರುತ್ತದೆ. ಕಡ್ಡಿಗಳನ್ನು ಎರಡೂ ಲೋಟಕ್ಕೆ ಇಳಿಬಿಟ್ಟು ಸ್ವಿಚ್ ಹಾಕಿದ ಕೆಲವೇ ನಿಮಿಷದಲ್ಲಿ ಬೋರ್ ನೀರು ಕಂದು ಬಣ್ಣಕ್ಕೆ ತಿರುಗಿ ರಾಡಿಯಂತಾಗುತ್ತದೆ, ಪಕ್ಕದ ಲೋಟ ತಿಳಿಯಾಗಿಯೇ ಇರುತ್ತದೆ. ಇಷ್ಟು ದಿನ ಕುಡಿದದ್ದು ಇದನ್ನೇ ಎಂದರೆ ಯಾವ ತಾಯಿಗೆ ಎದೆ ಝಲ್ಲೆನ್ನುವುದಿಲ್ಲ? ಆದರೆ ಆ ರಾಡಿ ನೀರಿನಲ್ಲಿ ಇದ್ದದ್ದಲ್ಲ. ಉಪ್ಪಿರುವ ನೀರಿನಲ್ಲಿ ವಿದ್ಯುತ್ ಹರಿಯುತ್ತದೆ, ಹರಿದಾಗ ಕಬ್ಬಿಣದ ಕಡ್ಡಿಯೇ ಕರಗಿ ತುಕ್ಕಿನ ಬಣ್ಣ ಬಿಡುತ್ತದೆ. ಉಪ್ಪು ಕಳೆದ ನೀರಿನಲ್ಲಿ ವಿದ್ಯುತ್ ಹರಿಯದು, ಬಣ್ಣವೂ ಬಾರದು. ಯಂತ್ರದ ನೀರಿಗೆ ಚಿಟಿಕೆ ಅಡುಗೆ ಉಪ್ಪು ಹಾಕಿ ಅದೇ ಕಡ್ಡಿ ಇಳಿಬಿಡಲು ಹೇಳಿದರೆ ಆ ಲೋಟವೂ ಕಂದಾಗುತ್ತದೆ. ಜನರ ಹೆದರಿಕೆಯನ್ನೇ ಬಂಡವಾಳ ಮಾಡಿಕೊಳ್ಳುವ ಈ ಪ್ರದರ್ಶನ ನಿಲ್ಲಲೇಬೇಕು.

ಟಿಡಿಎಸ್ ಮೀಟರ್ ಸುಳ್ಳು ಹೇಳುವುದಿಲ್ಲ, ಆದರೆ ಅದು ಹೇಳುವುದು ಒಂದೇ ಸಂಗತಿ: ನೀರಿನಲ್ಲಿ ಒಟ್ಟು ಎಷ್ಟು ಲವಣ ಕರಗಿದೆ ಎಂದು. ಅದರಲ್ಲಿ ಒಳ್ಳೆಯ ಕ್ಯಾಲ್ಸಿಯಂ ಎಷ್ಟು, ಕೆಟ್ಟ ಫ್ಲೋರೈಡ್ ಎಷ್ಟು ಎಂದು ಅದಕ್ಕೆ ಗೊತ್ತಾಗದು. ಚರಂಡಿ ಪಕ್ಕದ ಕೊಳವೆಯಿಂದ ನುಸುಳಿದ ಬ್ಯಾಕ್ಟೀರಿಯಾ ಅದರ ಕಣ್ಣಿಗೆ ಬೀಳುವುದೇ ಇಲ್ಲ. ಬಂಗಾರಪೇಟೆಯ ಪಾನಿಪುರಿಯ ನೀರು ನೋಡಲು ಬರೀ ತಿಳಿನೀರು, ಖಾರ ಇರುವುದು ಬಾಯಿಗಿಟ್ಟ ಮೇಲೇ ತಿಳಿಯುತ್ತದೆ. ಕುಡಿಯುವ ನೀರು ಬಾಯಿಗಿಟ್ಟರೂ ಗುಟ್ಟು ಬಿಡುವುದಿಲ್ಲ. ಇನ್ನೊಂದು ಸಂಗತಿಯಂತೂ ಅನುಭವಕ್ಕೇ ವಿರುದ್ಧವಾಗಿದೆ. ನೀರಿನಲ್ಲಿ ಕ್ಯಾಲ್ಸಿಯಂ ಹೆಚ್ಚಿದ್ದರೆ ಅದು ಫ್ಲೋರೈಡನ್ನು ಹೆಚ್ಚು ಕರಗಲು ಬಿಡುವುದಿಲ್ಲ. ಹಾಗಾಗಿ ಬೇಳೆ ಚೆನ್ನಾಗಿ ಬೇಯುವ, ಸೋಪು ಸಲೀಸಾಗಿ ನೊರೆ ಬರುವ ಮೆದು ಬೋರ್ ನೀರಿನಲ್ಲೇ ಕೆಲವೊಮ್ಮೆ ಫ್ಲೋರೈಡ್ ಹೆಚ್ಚಿರುತ್ತದೆ. ಗಡಸು ನೀರಿನ ಮನೆ ಹೆದರಿ ಯಂತ್ರ ತರುತ್ತದೆ, ನಿಜವಾಗಿ ತರಬೇಕಾದ ಮನೆ ನಮ್ಮ ನೀರು ಸಿಹಿ ಎಂದು ಸುಮ್ಮನಿರುತ್ತದೆ.

ಯಂತ್ರದೊಳಗೆ ಇನ್ನೊಂದು ಪುಟ್ಟ ತಿರುಪು ಇದೆ, ಟಿಡಿಎಸ್ ಕಂಟ್ರೋಲರ್. ತೀರಾ ಸಪ್ಪೆ ನೀರು ರುಚಿಸದು, ಖನಿಜವೂ ಬೇಕು ಎಂಬ ಕಾರಣಕ್ಕೆ ಮೆಂಬ್ರೇನ್ ದಾಟದ ಒಂದಿಷ್ಟು ಮೂಲ ನೀರನ್ನು ಅದು ಶುದ್ಧ ನೀರಿಗೆ ಬೆರೆಸುತ್ತದೆ. ನದಿ ನೀರಿನ ಊರಿಗೆ ಇದು ನಡೆದೀತು. ಬೋರ್ ನೀರಿನ ಊರಿನಲ್ಲಿ ಏನಾಗುತ್ತದೆ ಎಂದು ಲೆಕ್ಕ ಹಾಕಿ ನೋಡಿ. ಮೂಲ ನೀರಿನಲ್ಲಿ ಟಿಡಿಎಸ್ 1,200, ಫ್ಲೋರೈಡ್ 3 ಇದೆ ಎಂದಿಟ್ಟುಕೊಳ್ಳೋಣ. ಮೆಂಬ್ರೇನ್ ಎರಡನ್ನೂ ಹತ್ತನೇ ಒಂದಕ್ಕೆ ಇಳಿಸಿದರೆ 120 ಮತ್ತು 0.3 ಆಗುತ್ತದೆ. ರುಚಿ ಬರಲೆಂದು ತಿರುಪು ಸಡಿಲಿಸಿ ಮೂರನೇ ಒಂದು ಪಾಲು ಮೂಲ ನೀರು ಬೆರೆಸಿದರೆ ಟಿಡಿಎಸ್ 480. ಮೀಟರ್ ಇಟ್ಟವರು 500ರ ಒಳಗಿದೆ, ಭೇಷ್ ಎನ್ನುತ್ತಾರೆ. ಫ್ಲೋರೈಡ್ ಆಗ 1.2 ಆಗಿರುತ್ತದೆ, ಅಂದರೆ ಮಾನಕ ಹೇಳುವ 1 ಮಿಲಿಗ್ರಾಂ ಮಿತಿಯನ್ನು ದಾಟಿರುತ್ತದೆ. ಯಾವ ವಿಷ ತೆಗೆಯಲು ಸಾವಿರಾರು ರೂಪಾಯಿ ಕೊಟ್ಟರೋ ಅದನ್ನೇ ಒಂದು ತಿರುಪು ವಾಪಸ್ ತಂದಿರುತ್ತದೆ. ಫ್ಲೋರೈಡ್ ಇರುವ ಮನೆಯಲ್ಲಿ ಆ ತಿರುಪು ಪೂರ್ತಿ ಮುಚ್ಚಿರಬೇಕು. ಕೂರಿಸಲು ಬರುವವರಿಗೆ ಇದನ್ನು ಬಾಯಿಬಿಟ್ಟು ಹೇಳಬೇಕಾಗುತ್ತದೆ.

ಕುಡಿಯಲು ಆರ್‌ಓ, ಅಡುಗೆಗೆ ಬೋರ್ ಎಂಬ ರೂಢಿಯೂ ಅಷ್ಟೇ ಹಾನಿಕರ. ಮುದ್ದೆಗೆ ಇಡುವ ಎಸರು, ಅನ್ನ, ಸಾರು, ಕಾಫಿ ಎಲ್ಲದರಲ್ಲೂ ಹೊಟ್ಟೆಗೆ ಹೋಗುವುದು ನೀರೇ. ನಾಲ್ಕೈದು ಜನರ ಮನೆಗೆ ಕುಡಿಯಲು, ಬೇಯಿಸಲು ಸೇರಿ ದಿನಕ್ಕೆ 20 ಲೀಟರ್ ಬೇಕಾದೀತು.

ಆ 20 ಲೀಟರಿನ ಬೆಲೆಯೇ ಈ ಯಂತ್ರದ ಮೇಲಿನ ದೊಡ್ಡ ಆಕ್ಷೇಪ. ಮನೆ ಯಂತ್ರಗಳ ಒತ್ತಡ ಕಡಿಮೆ. ಸಾಮಾನ್ಯವಾಗಿ ಒಂದು ಲೀಟರ್ ಒಳ್ಳೆಯ ನೀರಿಗೆ ಮೂರು ಲೀಟರ್ ಹೊರಗೆ ಹೋಗುತ್ತದೆ. 20 ಲೀಟರಿಗೆ 60 ಲೀಟರ್, ವರ್ಷಕ್ಕೆ ಸುಮಾರು 22 ಸಾವಿರ ಲೀಟರ್. ಟ್ಯಾಂಕರಿಗೆ ಹಣ ತೆತ್ತು ನೀರು ತುಂಬಿಸಿಕೊಳ್ಳುವ ಮನೆಯಲ್ಲಿ ಇದು ಸಿಂಕಿನ ಕೆಳಗಿನ ಪೈಪಿನಲ್ಲಿ ಸದ್ದಿಲ್ಲದೆ ಹರಿದು ಹೋಗುತ್ತದೆ. ಹಿಡಿದಿಟ್ಟರೆ ನೆಲ ಒರೆಸಲು, ಶೌಚಾಲಯಕ್ಕೆ, ಪಾತ್ರೆಯ ಮೊದಲ ತೊಳೆತಕ್ಕೆ ಬರುತ್ತದೆ. ಅದರಲ್ಲಿ ಉಪ್ಪು, ಫ್ಲೋರೈಡ್ ಮೂಲ ನೀರಿಗಿಂತ ಸುಮಾರು ಮೂರನೇ ಒಂದರಷ್ಟು ಹೆಚ್ಚಿರುವುದರಿಂದ ದನಕರುಗಳಿಗೆ ಕುಡಿಸಬಾರದು, ಕುಂಡದ ಗಿಡಕ್ಕೂ ದಿನವೂ ಹಾಕುವಂತಿಲ್ಲ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರ ಮೇ ತಿಂಗಳಲ್ಲಿ ಟಿಡಿಎಸ್ 500ಕ್ಕಿಂತ ಕಡಿಮೆ ಇರುವ ಕಡೆ ಆರ್‌ಓ ನಿಷೇಧಿಸಬೇಕು, ಬಳಸುವ ಕಡೆ ಕನಿಷ್ಠ ಶೇ 60ರಷ್ಟು ನೀರು ದಕ್ಕಬೇಕು ಎಂದದ್ದು ಈ ಪೋಲು ಕಂಡೇ. ಆದೇಶದ ಆಶಯ ಸರಿ. ಅಲ್ಲೂ ಅಳತೆಗೋಲು ಟಿಡಿಎಸ್ ಒಂದೇ ಆಗಿರುವುದು ಮಾತ್ರ ಕೋಲಾರದ ಮಟ್ಟಿಗೆ ಕೊರತೆ. 450 ಟಿಡಿಎಸ್ ಇದ್ದೂ ಫ್ಲೋರೈಡ್ ಮಿತಿ ಮೀರಿದ ಬೋರ್‌ವೆಲ್ ಇರಬಹುದು.

ನಿರ್ವಹಣೆಯ ವಿಷಯದಲ್ಲಿ ಮಾತು ಬೇಗ ಮುಗಿಸಬಹುದು. ಕೆಸರು ಬೆರೆತ ಟ್ಯಾಂಕರ್ ನೀರಿಗೆ ಮೊದಲ ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ. ಬ್ಲೀಚಿಂಗ್ ಪೌಡರಿನ ಕ್ಲೋರಿನ್ ಪಾಲಿಅಮೈಡನ್ನು ತಿನ್ನುವುದರಿಂದ ಅದನ್ನು ಹೀರಬೇಕಾದ ಕಾರ್ಬನ್ ಫಿಲ್ಟರ್ ಹಳತಾದರೆ ಮೆಂಬ್ರೇನಿಗೂ ಆಯುಸ್ಸಿಲ್ಲ. ಕ್ಲೋರಿನ್ ಇಲ್ಲದ ಶುದ್ಧ ನೀರು ತೊಟ್ಟಿಯಲ್ಲಿ ದಿನಗಟ್ಟಲೆ ನಿಂತರೆ ಮತ್ತೆ ಸೂಕ್ಷ್ಮಾಣು ಬೆಳೆಯುತ್ತದೆ. ರಿಪೇರಿಗೆ ಕರೆದರೆ ಬರುವವರು ಊರಿನಲ್ಲೇ ಇದ್ದಾರೆಯೇ ಎಂಬುದು ಬ್ರ್ಯಾಂಡ್ ಹೆಸರಿಗಿಂತ ಮುಖ್ಯ.

ಕೆಜಿಎಫ್‌ಗೆ ಮಾತ್ರ ಅನ್ವಯಿಸುವ ಒಂದು ಪ್ರಶ್ನೆ ಉಳಿಯುತ್ತದೆ. ಚಿನ್ನ ತೆಗೆದ ಮೇಲೆ ಉಳಿದ ಕೋಟಿಗಟ್ಟಲೆ ಟನ್ ಪುಡಿಮಣ್ಣು ಊರ ನಡುವೆ ಸೈನೈಡ್ ದಿಬ್ಬಗಳಾಗಿ ನಿಂತಿದೆ. ಅದರ ಭಯಕ್ಕೆ ಆರ್‌ಓ ಕೊಳ್ಳುವವರಿದ್ದಾರೆ. ಯಂತ್ರ ಸೈನೈಡನ್ನು ತಡೆಯುತ್ತದೆ ಎಂಬ ಭರವಸೆಗೆ ಆಧಾರ ಸಾಲದು. ಸಾಮಾನ್ಯ ಕುಡಿಯುವ ನೀರಿನಲ್ಲಿ ಸೈನೈಡ್ ಇದ್ದರೆ ಅದು ಬಹುಪಾಲು ವಿದ್ಯುದಂಶವಿಲ್ಲದ ಪುಟ್ಟ ಅಣುವಿನ ರೂಪದಲ್ಲಿರುತ್ತದೆ, ಅಂಥದನ್ನು ಮೆಂಬ್ರೇನ್ ಚೆನ್ನಾಗಿ ತಡೆಯಲಾರದು. ಆರ್ಸೆನಿಕ್‌ನ ಒಂದು ರೂಪಕ್ಕೂ ಇದೇ ಮಾತು. ದಿಬ್ಬದ ಬದಿಯ ಬೋರ್‌ವೆಲ್ ನೀರಿಗೆ ಪ್ರಯೋಗಾಲಯದ ಪರೀಕ್ಷೆಯೇ ದಾರಿ. ಯಂತ್ರ ಅದಕ್ಕೆ ಬದಲಿಯಲ್ಲ.

ಹಾಗಾದರೆ ಯಾರಿಗೆ ಬೇಕು? ಬೇತಮಂಗಲದ ನೀರಾಗಲಿ, 2023ರ ನವೆಂಬರಿನಲ್ಲಿ ಉದ್ಘಾಟನೆಯಾದ ಮಾರ್ಕಂಡೇಯ ನದಿಯ ಯರಗೋಳ್ ಅಣೆಕಟ್ಟೆಯ ನೀರಾಗಲಿ ನಲ್ಲಿಯಲ್ಲಿ ಬರುವ ಮನೆಗೆ ಆರ್‌ಓ ಬೇಡ. ಅದು ಮಳೆಯಿಂದ ಕೂಡಿದ ನೀರು. ಸೋಸಿ ಕುದಿಸಿದರೆ ಅಥವಾ ಯುವಿ ಯಂತ್ರ ಹಾಕಿದರೆ ಸಾಕು. ಆದರೆ ನಲ್ಲಿ ನೀರಿಗೆ ಬೋರ್ ನೀರು ಬೆರೆಸಿ ಬಿಡುತ್ತಾರೆಯೇ ಎಂದು ನಗರಸಭೆ, ಪುರಸಭೆಯನ್ನು ಕೇಳಿ ತಿಳಿಯಬೇಕು. ಹಳ್ಳಿಯಲ್ಲಿ ಶುದ್ಧ ಕುಡಿಯುವ ನೀರಿನ ಘಟಕ ಸುಸ್ಥಿತಿಯಲ್ಲಿದ್ದರೆ ನಾಣ್ಯ ಹಾಕಿ ಕ್ಯಾನ್ ತುಂಬಿಸಿಕೊಳ್ಳುವುದೇ ಲಾಭ. ಅಲ್ಲಿರುವುದೂ ಆರ್‌ಓ ಯಂತ್ರವೇ, ಕೆಟ್ಟರೆ ಪಂಚಾಯಿತಿಯನ್ನು ಕೇಳುವ ಹಕ್ಕಾದರೂ ಇದೆ. ಜಾಗವಿದ್ದವರಿಗೆ ಮಳೆ ನೀರಿದೆ. ವರ್ಷಕ್ಕೆ ಸುಮಾರು 700 ಮಿ.ಮೀ. ಮಳೆಯಾಗುವ ಈ ಕಡೆ 50 ಚದರ ಮೀಟರ್ ತಾರಸಿಯಿಂದ 28 ಸಾವಿರ ಲೀಟರ್ ಹಿಡಿಯಬಹುದು. ಕುಡಿಯಲು, ಬೇಯಿಸಲು ವರ್ಷಕ್ಕೆ ಬೇಕಾಗುವುದು 7,300 ಲೀಟರ್ ಮಾತ್ರ. ದಿಬ್ಬದ ದೂಳು ಬಂದು ಕೂರುವ ತಗಡಿನ ಮಾಡುಗಳಲ್ಲಿ ಪರೀಕ್ಷೆ ಮಾಡಿಸದೆ ಇದನ್ನು ಕುಡಿಯಬಾರದು.

ಈ ಯಾವುದೂ ಇಲ್ಲದೆ, ಫ್ಲೋರೈಡ್ ಇರುವ ಬೋರ್ ನೀರನ್ನೇ ನಂಬಿದ ಮನೆಗೆ, ಅದರಲ್ಲೂ ಹಲ್ಲು ಹುಟ್ಟುವ ವಯಸ್ಸಿನ ಮಕ್ಕಳಿರುವ ಮನೆಗೆ ಆರ್‌ಓ ಖಂಡಿತ ಬೇಕು, ತಿರುಪು ಮುಚ್ಚಿದ ಆರ್‌ಓ. ಕೊಳ್ಳುವ ಮೊದಲು ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಪ್ರಯೋಗಾಲಯಕ್ಕೆ ಒಂದು ಬಾಟಲಿ ನೀರು ಕೊಟ್ಟು ಫ್ಲೋರೈಡ್, ನೈಟ್ರೇಟ್, ಗಡಸುತನ, ಬ್ಯಾಕ್ಟೀರಿಯಾ ಈ ನಾಲ್ಕನ್ನೂ ಬರೆಸಿಕೊಳ್ಳಿ. ಯಂತ್ರ ಕೂರಿಸಿದ ಮೇಲೆ ಅದರ ನೀರನ್ನೂ ಒಮ್ಮೆ ಅಲ್ಲಿಗೇ ಕೊಟ್ಟು ಪರೀಕ್ಷೆ ಮಾಡಿಸಿ.